ಎತ್ತರದವರು ಬಲಕ್ಕೆ

ಸುಬೇದಾರರ ಸಂಸಾರ ಅಲ್ಲಿಯವರೆಗೂ ಕಂಟೋನ್ಮೆಂಟಿನ ಗೋಡೆಯಾಚೆ ಮನೆ ಮಾಡಿದ್ದೇ ಇಲ್ಲ. ಒಂಬತ್ತು ಊರು ತಿರುಗಿದರೂ ಎಲ್ಲ ಕಡೆ ಅದೇ ಹಳದಿ ಕ್ವಾರ್ಟರ್ಸು, ಅದೇ ಹಸಿರು ಬಾಗಿಲು, ಬಾಗಿಲ ಮುಂದೆ ಸುಣ್ಣ ಬಳಿದ ಕಲ್ಲುಗಳ ಸಾಲು. ಈಗ ಬಂದದ್ದು ಹೊಸ ದೇಶಕ್ಕೆ. ಇಲ್ಲಿಯ ಸೈನ್ಯದ ಹೊಸಬರಿಗೆ ಎರಡು ವರ್ಷ ತರಬೇತಿ ಕೊಡಲು ಸುಬೇದಾರರನ್ನು ಕಳಿಸಿದ್ದರು. ಸಂಸಾರ ಕರೆತರಬಹುದು, ಆದರೆ ಕ್ವಾರ್ಟರ್ಸು ಇಲ್ಲ. ಹೊರಗೆ ಬಾಡಿಗೆ ಮನೆ ಸಿಕ್ಕರೆ ಸರಿ, ಸಿಗದಿದ್ದರೆ ಹೆಂಡತಿ ಮಗಳು ವಾಪಸು, ಇವರಿಗೆ ಬ್ಯಾರಕ್ಕು.

ಮನೆ ಸಿಕ್ಕಿತು. ಕೆಳಗೆ ಇವರು, ಮೇಲೆ ಒಡತಿ. ಕೋಲೂರಿಕೊಂಡು ಓಡಾಡುವ ಒಂಟಿ ಮುದುಕಿ. ಸಂಸಾರದಲ್ಲಿ ಅವರಿಗೆ ಮೊದಲ ದಿನವೇ ಮೇಲಿನಜ್ಜಿ ಎಂದು ಹೆಸರಾಯಿತು. ಮೇಲಿನಜ್ಜಿ ಆಗಲೇ ಆಫೀಸಿನ ದುಭಾಷಿಯ ಬಾಯಲ್ಲಿ ಕಡ್ಡಿ ಮುರಿದಂತೆ ಹೇಳಿಸಿದ್ದರು: "ಮೂರು ತಿಂಗಳು ನೋಡ್ತೀನಿ. ಸರಿಹೋದ್ರೆ ಇರಿ, ಇಲ್ಲದಿದ್ರೆ ಬೇರೆ ನೋಡ್ಕೊಳ್ಳಿ."

ಮಗಳಿಗೆ ಹತ್ತೊಂಬತ್ತು. ವರ್ಗಾವಣೆಯಾದಾಗಲೆಲ್ಲ ಶಾಲೆ ಬದಲಾಗಿ, ಶಾಲೆಯ ಭಾಷೆಯೂ ಬದಲಾಗಿ, ಒಂಬತ್ತನೇ ಕ್ಲಾಸಿಗೆ ಅವಳು ಸಾಕಪ್ಪಾ ಎಂದು ಕೂತುಬಿಟ್ಟಿದ್ದಳು. ಮಾತು ಕಡಿಮೆ. ಅಪ್ಪ ಅವಳನ್ನು ವೈರ್‌ಲೆಸ್ಸು ಎಂದು ಕರೆಯುತ್ತಿದ್ದರು. "ನಮ್ಮ ವೈರ್‌ಲೆಸ್ಸು ಎಲ್ಲಾನೂ ಕೇಳಿಸ್ಕೊಳ್ಳುತ್ತೆ. ಆ ಕಡೆಯಿಂದ ಮಾತ್ರ ಒಂದು ಅಕ್ಷರ ಬರಲ್ಲ."

ಕೇಳಿಸಿಕೊಳ್ಳುವುದೇನೋ ನಿಜ. ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತೇ ಅವಳು ಇಲ್ಲಿಯ ಮಾತನ್ನು ಮುಕ್ಕಾಲು ಪಾಲು ಕಲಿತಿದ್ದಳು, ಆಡುವ ಧೈರ್ಯ ಮಾತ್ರ ಇರಲಿಲ್ಲ. ಅಮ್ಮನಿಗೆ ಆ ತೊಂದರೆಯೇ ಇಲ್ಲ. ಅಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು, ಮೇಲಿನಜ್ಜಿ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರೂ ತಲೆಯಾಡಿಸಿ ತೃಪ್ತಿಯಿಂದ ಒಳಗೆ ಹೋಗುತ್ತಿದ್ದರು.

ಗಡಿಯಲ್ಲಿ ಏಳು ವರ್ಷ ಇದ್ದಾಗ ಅಪ್ಪ ವರ್ಷಕ್ಕೊಂದು ತಿಂಗಳು ಮನೆಗೆ ಬರುತ್ತಿದ್ದರು, ನೆಂಟರ ಹಾಗೆ. ಈಗ ದಿನಾ ಐದೂವರೆಗೆ ಬಾಗಿಲಲ್ಲಿ ಬೀಗದ ಕೈ ತಿರುಗುತ್ತಿತ್ತು. ಶೂ ಪಾಲಿಶ್ ಮಾಡುವಾಗ ಅಪ್ಪ ಹಾಡು ಗುನುಗುತ್ತಾರೆ ಎಂಬುದು ಮಗಳಿಗೆ ಈ ಮನೆಗೆ ಬಂದ ಮೇಲೆ ಗೊತ್ತಾಯಿತು. ಆ ಗುನುಗು ಕೈತಪ್ಪಬಾರದು ಎಂಬುದೊಂದೇ ಅವಳ ಆಸೆ. ಯಾರಿಗೂ ಹೇಳಿರಲಿಲ್ಲ.

ಮೂರು ತಿಂಗಳು ಮುಗಿಯುವುದು ಸೋಮವಾರಕ್ಕೆ. ಶನಿವಾರ ಮೇಲಿನಜ್ಜಿ ತಂಗಿಯ ಮನೆಗೆ ಹೋದರು; ಭಾನುವಾರ ಮಧ್ಯಾಹ್ನ ವಾಪಸು. ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಸುಬೇದಾರರು ಬನಿಯನ್ನು ತೊಟ್ಟು, ಬಕೆಟ್ಟು ಹಿಡಿದು ಅಂಗಳದಲ್ಲಿದ್ದರು.

"ಏನ್ರೀ ಇದು?" ಎಂದಳು ಅಮ್ಮ.

"ನಾಳೆ ಇನ್‌ಸ್ಪೆಕ್ಷನ್ನು ಅಂತ ತಿಳ್ಕೋ. ಈ ಕಲ್ಲುಗಳ ಅವತಾರ ನೋಡು. ಮೂರು ತಿಂಗಳಿಂದ ನನ್ನ ಕಣ್ಣಿಗೆ ಚುಚ್ತಾ ಇವೆ. ಒಂದು ಹಿಂದೆ, ಒಂದು ಮುಂದೆ, ಒಂದು ಕುಳ್ಳು, ಒಂದು ಡೊಳ್ಳು. ಇದು ಸಾಲೋ, ಸಂತೆಯೋ?"

ಗೇಟಿನಿಂದ ಮೆಟ್ಟಿಲವರೆಗೆ ಕಾಲುದಾರಿಯ ಪಕ್ಕದಲ್ಲಿ ಇಪ್ಪತ್ತೇಳು ಕಲ್ಲುಗಳಿದ್ದವು. ಮಗಳಿಗೆ ಅವುಗಳ ಮುಖಪರಿಚಯ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ತರಕಾರಿ ಹೆಚ್ಚುವಾಗ, ಮೇಲಿನಜ್ಜಿ ಇಳಿದುಬಂದು ಕೋಲಿನ ತುದಿಯಿಂದ ಒಂದೊಂದು ಕಲ್ಲನ್ನೂ ಮುಟ್ಟುತ್ತ, ತುಟಿ ಅಲುಗಿಸುತ್ತ ಗೇಟಿನವರೆಗೆ ಹೋಗುವುದನ್ನು ಅವಳು ನೋಡಿದ್ದಳು. ಯಾಕೆಂದು ತಿಳಿದಿರಲಿಲ್ಲ. ಆದರೆ ಏನೋ ಇದೆ ಎಂದು ತಿಳಿದಿತ್ತು.

"ಅಪ್ಪಾ," ಎಂದಳು.

"ಏನಮ್ಮ ವೈರ್‌ಲೆಸ್ಸು?"

ಅಪ್ಪ ಗುನುಗುತ್ತಿದ್ದರು. "ಏನಿಲ್ಲ," ಎಂದಳು.

ಸುಬೇದಾರರು ಇಪ್ಪತ್ತೇಳನ್ನೂ ಕಿತ್ತು ಹುಲ್ಲಿನ ಮೇಲೆ ಹಾಕಿದರು. ದಾರ ಕಟ್ಟಿದರು. ಆಮೇಲೆ ಇಪ್ಪತ್ತಾರು ವರ್ಷದಿಂದ ಹೊಸದಾಗಿ ಸೇರಿದ ರಂಗರೂಟುಗಳನ್ನು ನಿಲ್ಲಿಸಿದ ಹಾಗೇ ಕಲ್ಲುಗಳನ್ನೂ ನಿಲ್ಲಿಸಿದರು. ಎತ್ತರದವರು ಬಲಕ್ಕೆ, ಗಿಡ್ಡವರು ಎಡಕ್ಕೆ. ಮೇಲೆ ಎರಡು ಕೋಟು ಸುಣ್ಣ. ಹತ್ತು ಗಂಟೆಗೆ ಅಂಗಳ ಪೆರೇಡಿಗೆ ತಯಾರಾದಂತಿತ್ತು.

ಮಧ್ಯಾಹ್ನ ಗೇಟು ಕಿರ್ ಎಂದಿತು. ಸುಬೇದಾರರು ಶರ್ಟು ತೊಟ್ಟು, ಮೀಸೆ ತೀಡಿ, ಹೊಗಳಿಕೆಗೆ ಸಿದ್ಧವಾಗಿ ನಿಂತಿದ್ದರು. ಮೇಲಿನಜ್ಜಿ ಎರಡು ಹೆಜ್ಜೆ ಒಳಗೆ ಬಂದರು. ಕೋಲು ಮೊದಲ ಕಲ್ಲಿನತ್ತ ಹೋಗಿ, ಮುಟ್ಟದೆ, ಗಾಳಿಯಲ್ಲೇ ನಿಂತಿತು.

"ನನ್ನ ಗಂಡ ಲಾರಿ ಓಡಿಸ್ತಿದ್ದ," ಎಂದರು ಕೊನೆಗೆ, ಯಾರನ್ನೂ ನೋಡದೆ. "ದೂರದ ಒಂದೊಂದು ಟ್ರಿಪ್ಪಿಗೂ ಒಂದೊಂದು ಕಲ್ಲು ತರ್ತಿದ್ದ. ತಂದ ಹಾಗೇ ಸಾಲಾಗಿ ಇಟ್ಟಿದ್ದ. ಕಲ್ಲು ಮುಟ್ತಾ ಮುಟ್ತಾ ದಿನಾ ಅವನು ಹೋದ ದಾರೀಲೇ ನಾನೂ ಒಂದು ಸುತ್ತು ಹೋಗಿ ಬರ್ತಿದ್ದೆ." ಆಮೇಲೆ ಸುಬೇದಾರರ ಕಡೆ ತಿರುಗಿ, "ನಾಳೆ ನಿಮ್ಮ ಆಫೀಸಿಗೆ ಫೋನ್ ಮಾಡ್ತೀನಿ. ನೀವು ಬೇರೆ ಮನೆ ನೋಡ್ಕೊಳ್ಳಿ," ಎಂದು ಮೆಟ್ಟಿಲು ಹತ್ತಿದರು.

ಸುಬೇದಾರರಿಗೆ ಮಾತಿನ ಅರ್ಥವಾಗಲಿಲ್ಲ. "ಏನಂದ್ರು?" ಎಂದು ಮಗಳನ್ನು ಕೇಳಿದರು. ಅವಳು ಹೇಳಿದಳು. ಸುಬೇದಾರರು ಮೆಟ್ಟಿಲ ಮೇಲೆ ಕುಸಿದು ಕೂತರು. ಮೀಸೆಯೂ ಅವರ ಜೊತೆಗೇ ಇಳಿದುಹೋಯಿತು.

"ಎಲ್ಲಾದ್ರೂ ಸುಣ್ಣ ಬಳೀದೇ ಇದ್ರೆ ನಿಮಗೆ ಕೈ ನವೆ ಬರುತ್ತಲ್ಲ ಸುಬೇದಾರರೇ," ಎಂದಳು ಅಮ್ಮ. ಬೈಯುವುದಕ್ಕೆ ಶುರುಮಾಡಿದವಳು ಗಂಡನ ಮುಖ ನೋಡಿ ಸೆರಗಿನಿಂದ ಅವರ ಕಿವಿಗೆ ಅಂಟಿದ್ದ ಸುಣ್ಣ ಒರೆಸಿದಳು.

"ಸುಣ್ಣ ತೊಳೆದ್ರೆ ಹೋಗುತ್ತೆ ಕಣೇ. ಸಾಲು? ನಾನೇ ಕಿತ್ತಾಕಿದೆ. ಯಾವುದು ಎಲ್ಲಿತ್ತು ಅಂತ ಆ ದೇವರಿಗೇ ಗೊತ್ತು."

"ನಂಗೊತ್ತು," ಎಂದಳು ಮಗಳು.

ಇಬ್ಬರೂ ತಿರುಗಿ ನೋಡಿದರು.

ಬಕೆಟ್ಟು, ಬ್ರಷ್ಷು, ಹಳೆಯ ಸೀರೆಯ ತುಂಡು ಹೊರಗೆ ಬಂದವು. ಮೂವರೂ ಕುಕ್ಕರಗಾಲಲ್ಲಿ ಕೂತು ಉಜ್ಜಿದರು. ಬಿಳಿ ನೀರು ಹರಿದು ಗೇಟಿನವರೆಗೂ ಹೋಯಿತು. ಒಂದೊಂದೇ ಮುಖ ಬೆಳಕಿಗೆ ಬಂದ ಹಾಗೆ ಮಗಳು ತಾನಿಟ್ಟಿದ್ದ ಹೆಸರು ಹೇಳಿ ಜಾಗ ತೋರಿಸಿದಳು.

"ಮೆಟ್ಟಿಲ ಹತ್ರ ಆಮೆ. ಅದರ ಪಕ್ಕ ಕೆಂಪಿ. ಆಮೇಲೆ ಹವಾಲ್ದಾರ."

"ಯಾವನೇ ಅವನು ಹವಾಲ್ದಾರ?"

"ಮೂರು ಪಟ್ಟಿ ಇದೆಯಲ್ಲಪ್ಪ, ನೋಡಿ."

ಸುಬೇದಾರರು ಮೂರು ಬಿಳಿ ಗೆರೆಯ ಕಪ್ಪು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, "ತಪ್ಪಾಯ್ತಪ್ಪಾ ಹವಾಲ್ದಾರಾ, ಗುರುತು ಸಿಗಲಿಲ್ಲ," ಎಂದು ಜಾಗಕ್ಕೆ ಇಳಿಸಿದರು. ಅಮ್ಮ ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ಇಪ್ಪತ್ತೇಳನೆಯದನ್ನು ಇಡುವಾಗ ಮೆಟ್ಟಿಲಲ್ಲಿ ಕೋಲಿನ ಸದ್ದಾಯಿತು. ಮೇಲಿನಜ್ಜಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಇಳಿದುಬಂದು ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದರು. "ಇದು ಇಲ್ಲಿ ಅಲ್ಲ," ಎಂದು ಹಸಿರು ಕಲ್ಲೊಂದನ್ನು ಕೋಲಿನಿಂದ ತೋರಿಸಿದರು. "ಇನ್ನೂ ಒಂದು ಆಚೆ."

ಈ ಊರಿನ ಮಾತನ್ನು ಅವಳು ಇನ್ನೊಬ್ಬರೊಡನೆ ಆಡಿದ್ದೇ ಇಲ್ಲ. "ಇಲ್ಲ ಅಜ್ಜಿ," ಎಂದಳು. "ಇಲ್ಲೇ. ಈ ಜಾಗದಲ್ಲಿ ನಿಮ್ಮ ಕೋಲು ಎರಡು ಸಲ ಮುಟ್ಟುತ್ತೆ. ಬೇರೆ ಎಲ್ಲದಕ್ಕೂ ಒಂದೇ ಸಲ."

ಮೇಲಿನಜ್ಜಿ ಕಣ್ಣು ಮುಚ್ಚಿದರು. ಮೆಟ್ಟಿಲ ಬುಡದಿಂದ ಮೆಲ್ಲನೆ ನಡೆಯುತ್ತ, ಆಮೆಯಿಂದ ಶುರುಮಾಡಿ, ನೋಡದೆಯೇ ಮುಟ್ಟುತ್ತ ಬಂದರು. ಹಸಿರು ಕಲ್ಲಿಗೆ ಬಂದಾಗ ಕೋಲು ತಾನಾಗಿ ಎರಡು ಸಲ ಟಕ್ ಟಕ್ ಎಂದಿತು.

"ಆ ಸಲ ಎರಡು ತಿಂಗಳು ತಡವಾಗಿ ಬಂದಿದ್ದ," ಎಂದರು. "ಕಾದು ಕಾದು ಸಾಕಾಗಿತ್ತು ನನಗೆ."

ಮಗಳು ಅದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಗಂಡನ ಕಡೆ ಕೈ ಮಾಡಿ, ಏಳು ಬೆರಳು ತೋರಿಸಿ, "ಏಳು ವರ್ಷ ರೀ ಅಜ್ಜಿ, ಏಳು ವರ್ಷ!" ಎಂದಳು. ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ. ಮೇಲಿನಜ್ಜಿ ಅಮ್ಮನ ಒದ್ದೆ ಕೈ ಹಿಡಿದುಕೊಂಡರು.

ಸುಬೇದಾರರು ಅಟೆನ್ಶನ್ನಿನಲ್ಲಿ ನಿಂತಿದ್ದರು. "ಏನು ಶಿಕ್ಷೆ ಕೊಡ್ತಾರೋ ಕೊಡಲಿ ಅಂತ ಹೇಳಮ್ಮ."

ಮಗಳು ಹೇಳಿದಳು. ಮೇಲಿನಜ್ಜಿ ಯೋಚಿಸಿ, ಕೋಲಿನಿಂದ ಸಾಲಿನ ಕೊನೆಯಲ್ಲಿ, ಗೇಟಿನ ಪಕ್ಕ ಉಳಿದಿದ್ದ ಖಾಲಿ ನೆಲ ತೋರಿಸಿದರು. "ಎರಡು ವರ್ಷ ಇರ್ತಾನಲ್ಲ ನಿಮ್ಮಪ್ಪ. ಕೆಲಸದ ಮೇಲೆ ದೂರ ಹೋದಾಗಲೆಲ್ಲ ಒಂದು ಕಲ್ಲು ತರ್ಲಿ. ಸುಣ್ಣದ ಬಕೆಟ್ಟು ಮಾತ್ರ ಇವತ್ತೇ ಮೇಲೆ ಕಳಿಸಿ, ನನ್ನ ಹತ್ರ ಇರುತ್ತೆ."

ಮಗಳಿಗೆ ಎರಡು ವರ್ಷ ಎಂಬುದನ್ನು ಕನ್ನಡಕ್ಕೆ ತರುವಾಗ ನಾಲಿಗೆ ತೊದಲಿತು.

"ಭೇಷ್!" ಎಂದರು ಸುಬೇದಾರರು ಅವಳ ತಲೆ ಸವರಿ. "ನಮ್ಮ ವೈರ್‌ಲೆಸ್ಸು ಆ ಕಡೆಯಿಂದಾನೂ ಮಾತಾಡ್ತು."

ಮುಂದಿನ ವಾರ ಅವರು ತರಬೇತಿಯ ಬೆಟ್ಟದಿಂದ ಬೂದು ಬಣ್ಣದ ದೊಡ್ಡ ಕಲ್ಲೊಂದನ್ನು ಹೊತ್ತು ತಂದರು. ತೊಳೆದರು. ಸಾಲಿನ ಕೊನೆಯಲ್ಲಿಟ್ಟರು. ಪಕ್ಕದ ಪುಟ್ಟ ಕಲ್ಲನ್ನು ನೋಡಿದರು, ಇದನ್ನು ನೋಡಿದರು. ಬೂಟಿನ ತುದಿ ಮೆಲ್ಲಗೆ ಪುಟ್ಟ ಕಲ್ಲಿನತ್ತ ಜಾರಿತು.

ಮೇಲಿನ ಕಿಟಕಿಯ ಗಾಜಿಗೆ ಕೋಲು ಟಕ್ ಟಕ್ ಎಂದಿತು.

ಸುಬೇದಾರರು ಕಾಲು ಹಿಂದಕ್ಕೆಳೆದುಕೊಂಡು, ಗುನುಗುತ್ತ ಒಳಗೆ ಹೋದರು.