ಸುಳಿವು ಕೊಡಬಾರದು

ಅರವತ್ತು ದಾಟಿದ ಹೆಂಗಸರು ಮೊಬೈಲನ್ನು ತಾವಾಗಿಯೇ ಹೇಗೆ ಕಲಿಯುತ್ತಾರೆ ಎಂಬುದು ನಿಮಿಷಾಳ ಸಂಶೋಧನೆ. ಅದಕ್ಕಾಗಿ ಅವಳು ವಿಶ್ವವಿದ್ಯಾಲಯದಿಂದ ವಾರಕ್ಕೊಮ್ಮೆ ಪೊನ್ನಾನಿಯ ವಾಚನಾಲಯಕ್ಕೆ ಬರುತ್ತಿದ್ದಳು. ಕೆಲಸ ಕೊಟ್ಟ ಮೇಲೆ ಸುಮ್ಮನೆ ನೋಡುತ್ತಿರಬೇಕು, ಸುಳಿವು ಕೊಡಬಾರದು. ಅದು ಅವಳ ಗುರು ಜಯದೇವನ್ ಮಾಡಿದ ನಿಯಮ.

ಒಂದು ಮಧ್ಯಾಹ್ನ ಆ ಹೆಂಗಸರಲ್ಲೊಬ್ಬಳಾದ ಬಿಯ್ಯಾತುಮ್ಮನಿಗೆ ಕೊಟ್ಟ ಕೆಲಸ, ತುಂಬಿಹೋದ ತನ್ನ ಫೋನಿನಲ್ಲಿ ಜಾಗ ಮಾಡುವುದು. ಅಲ್ಲಿ ಇಲ್ಲಿ ಒತ್ತುತ್ತ ಆಕೆ ಹಳೆಯ ದನಿ ಸಂದೇಶಗಳಿದ್ದಲ್ಲಿಗೆ ಬಂದಳು. ಎಲ್ಲವನ್ನೂ ಅಳಿಸಲೇ ಎಂದು ಪರದೆ ಕೇಳಿತು. ಬೆರಳು ನಿಂತಿತು. ತಲೆಯೆತ್ತಿ ನಿಮಿಷಾಳ ಮುಖ ನೋಡಿದಳು. ನಿಮಿಷಾ ಕಣ್ಣು ತಗ್ಗಿಸಿದಳು. ಬಿಯ್ಯಾತುಮ್ಮ ಒತ್ತಿಬಿಟ್ಟಳು.

“ಆಯ್ತು ನೋಡು ಮಗಳೇ. ಮುದುಕಿಗೆ ಏನೂ ಬರಲ್ಲ ಅಂದ್ಕೊಂಡಿದ್ಯಾ?”

ಸಂಜೆ ಬಿಯ್ಯಾತುಮ್ಮನ ಸೊಸೆ ಸೈನಬಾ ನಿಮಿಷಾಳಿಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಮೊದಲು ಮಾವ ಹಂಸಕುಟ್ಟಿ ಕಳಿಸಿದ್ದ ಸಂದೇಶಗಳು ಒಂದೂ ಉಳಿದಿರಲಿಲ್ಲ. ಅತ್ತೆ ದಿನವೂ ನಮಾಜು ಮುಗಿಸಿ ಅವನ್ನು ಕೇಳುತ್ತಿದ್ದಳು. ಈಗ ಅನ್ನ ಮುಟ್ಟುತ್ತಿಲ್ಲ.

ನಿಮಿಷಾ ಆ ಫೋನನ್ನು ಕೋಳಿಕ್ಕೋಡಿಗೆ ಒಯ್ದು ಬಲ್ಲವರಿಗೆಲ್ಲ ತೋರಿಸಿದಳು. ಹೋದದ್ದು ಬರಲಿಲ್ಲ.

“ನೀನು ಬಾಯಿಬಿಟ್ಟಿದ್ರೆ ಅವರು ಕಲಿತದ್ದೇನು ಅಂತ ಗೊತ್ತಾಗ್ತಿತ್ತಾ?” ಎಂದರು ಜಯದೇವನ್. “ನಿನ್ನ ತಪ್ಪಿಲ್ಲ, ಬಿಡು.”

ಅವಳಿಗೆ ಬಿಡಲಾಗಲಿಲ್ಲ. ಫೋನು ಹಿಡಿದು ಬಿಯ್ಯಾತುಮ್ಮನ ಮನೆಗೆ ಹೋದಳು. ಆಕೆ ಜಗಲಿಯಲ್ಲಿ ಮೀನು ಹಸನು ಮಾಡುತ್ತಿದ್ದಳು.

“ಏನು ಅಳಿಸ್ತಿದ್ದೀನಿ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು, ಉಮ್ಮ. ನೀವೇ ಬೇಡ ಅಂತ ಬಿಡ್ತೀರಿ ಅಂದ್ಕೊಂಡೆ.”

ಬಿಯ್ಯಾತುಮ್ಮ ಕೈಯಲ್ಲಿದ್ದ ಮೀನನ್ನು ಮುಗಿಸಿದಳು. “ಬೂತಾಯಿ ಮೀನು ಬೇಡ, ಬಂಗುಡೆ ತಗೋ, ಶುಕ್ರವಾರ ಆಸ್ಪತ್ರೆಯಿಂದ ಬಿಡ್ತಾರಂತೆ, ಅಂದಿದ್ರು ಅವರು. ಮಾತೆಲ್ಲ ನೆನಪಿದೆ. ನಡುನಡುವೆ ಕೆಮ್ತಿದ್ರಲ್ಲ, ಅದನ್ನ ನಾನು ಎಲ್ಲಿಂದ ತರ್ಲಿ?”

ನಿಮಿಷಾ ಫೋನನ್ನು ಜಗಲಿಯ ಮೇಲಿಟ್ಟಳು.

“ನಾನು ನಿನ್ನ ಮುಖ ನೋಡ್ದೆ. ಅದನ್ನ ಬರ್ಕೊಂಡಿದ್ದೀಯಾ?”

ನಿಮಿಷಾ ಬರೆದದ್ದು, ಸ್ವಲ್ಪ ಹೊತ್ತು ತಡೆದು ಒತ್ತಿದರು ಎಂದಷ್ಟೇ. “ಇಲ್ಲ,” ಎಂದಳು.

“ಬರಿ. ಮುದುಕಿ ಕೇಳಿದ್ಲು, ನಾನು ಹೇಳ್ಲಿಲ್ಲ ಅಂತ ಬರಿ.”

ನಿಮಿಷಾ ಹಾಗೆಯೇ ಬರೆದಳು. ಅಳಿಸುವ ಮೊದಲು ಯಾರಾದರೂ ಹಾಗೆ ಕೇಳಿದರೆ ಇನ್ನು ಹೇಳಬೇಕು ಎಂದೂ ಸೇರಿಸಿದಳು. ಜಯದೇವನ್ ಎರಡು ಸಲ ಓದಿದರು. ನಿಯಮ ಸಡಿಲಿಸಿದರೆ ಈವರೆಗಿನ ಕೆಲಸವೆಲ್ಲ ಮೊದಲಿನಿಂದ ಆಗಬೇಕು ಎಂದರು. ಆಗಲಿ ಎಂದಳು ನಿಮಿಷಾ.

ಮರುವಾರ ಬಿಯ್ಯಾತುಮ್ಮ ಬರಲಿಲ್ಲ. ಅದರ ಮುಂದಿನ ವಾರ ಬಂದಳು. ಮುಖದಲ್ಲಿ ನಗುವಿರಲಿಲ್ಲ.

“ನಮ್ಮಕ್ಕ ಹಾಸಿಗೆ ಹಿಡಿದಿದ್ದಾಳೆ. ಅವಳ ದನಿ ಉಳಿಸಿಡ್ಬೇಕು. ಸುಮ್ನೆ ನೋಡ್ತಾ ಕೂರ್ಬೇಡ, ಹೇಳ್ಕೊಡು.”

ನಿಮಿಷಾ ಪೆನ್ನು ಕೆಳಗಿಟ್ಟು ಹೇಳಿಕೊಟ್ಟಳು. ಆ ಮಧ್ಯಾಹ್ನವನ್ನು ಅವಳು ಸಂಶೋಧನೆಗೆ ಸೇರಿಸಲಿಲ್ಲ.