ಹಕ್ಕಿಯ ಸುರುಳಿ

ಹಕ್ಕಿ ಉಸಿರೆಳೆದುಕೊಂಡಿತು — ಇಲ್ಲ, ಹಕ್ಕಿಗಳು ಹೀಗೆ ಮೂಗು ಸೊರಸೊರ ಎನ್ನಿಸುವುದಿಲ್ಲ, ಅವಳ ಬೆರಳು ತಾನಾಗಿ ಗುಂಡಿ ಒತ್ತಿತು, ಟೇಪಿನ ಸುರುಳಿಗಳು ನಿಂತವು, ಹಿಂದಿನ ಸೋಫಾದಲ್ಲಿ ಅಣ್ಣ ಕೆಮ್ಮಿದ, ಏನ್ ಮರಿ, ಹಕ್ಕಿ ಸಿಗ್ಲಿಲ್ವಾ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು, ಸಿಕ್ತು ಕಣೋ, ಸ್ವಲ್ಪ ಇರು. ಮೂವತ್ತು ವರ್ಷದಿಂದ ಹಳೆಯ ಟೇಪುಗಳಿಗೆ ಜೀವ ಕೊಡುವವಳು, ಅಂಟಂಟಾದದ್ದನ್ನು ಹದವಾದ ಶಾಖದಲ್ಲಿ ಒಣಗಿಸಿ ಸತ್ತವರನ್ನೂ ಹಾಡಿಸಿದವಳು, ಇವತ್ತು ಹಿಂದುಮುಂದು ನೋಡದೆ ಸುರುಳಿ ಏರಿಸಿಬಿಟ್ಟಳಲ್ಲ, ಡಬ್ಬಿಯ ಮೇಲೆ ಅಣ್ಣನ ಕೋಳಿಗಾಲಿನ ಅಕ್ಷರದಲ್ಲಿ ಬರೆದೇ ಇದೆ, ಹಕ್ಕಿ, ಕೊನೆ ಹೊರಗಿದೆ — ನುಡಿಸಿದ ಟೇಪನ್ನು ಮರಳಿ ಸುತ್ತದೆ ಹಾಗೇ ಇಡುವುದು ಈ ಕಸುಬಿನ ರೂಢಿ, ಮೊದಲು ನೋಡಬೇಕಾದದ್ದೇ ಅದು, ಅವಳು ನೋಡಿದ್ದು ಡಬ್ಬಿಗೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನು, ಗಂಟು ಬಿಚ್ಚಲಾಗದೆ ಜಾರಿಸಿ ತೆಗೆದು ಮೇಜಿನ ಮೇಲಿಟ್ಟದ್ದನ್ನು. ಹಾಗಾಗಿ ಹಕ್ಕಿ ಕೊನೆಯಿಂದ ಮೊದಲಿಗೆ ಓಡಿತು, ಓಡಿ ಅಳುವ ಮಗುವಾಯಿತು.

ಅಣ್ಣನ ತಂಡಕ್ಕೆ ಹೆಸರು ತಂದದ್ದು ಒಂದೇ ಹಾಡು, ಹನ್ನೊಂದು ನಿಮಿಷದ್ದು, ಆರ್ಗನ್ ಕಲಕಿದ ನೀರಿನಂತೆ ಸುತ್ತುತ್ತದೆ, ಗಿಟಾರ್ ತನ್ನ ನಾದವನ್ನೇ ಮರಳಿ ನುಂಗುತ್ತದೆ, ನಡುವೆ ಯಾವ ಕಾಡಿನದೂ ಅಲ್ಲದ ಆ ಹಕ್ಕಿ, ಸೈಕೆಡೆಲಿಕ್ ಸಂಗೀತದ ಹುಚ್ಚರಿಗೆ ಅದರ ಕೂಗಿನಲ್ಲಿ ಬಣ್ಣ ಕಂಡಿತು, ಒಬ್ಬ ನೇರಳೆ ಎಂದ, ಇನ್ನೊಬ್ಬ ಹಸಿರು, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಅವಳೂ ಅವರಲ್ಲೊಬ್ಬಳಲ್ಲವೇ, ನಲವತ್ತೈದು ವರ್ಷ ಕೇಳಿ ತಲೆದೂಗಿದಳಲ್ಲ. ಈಗ ಆ ಹಾಡಿನ ರೆಕಾರ್ಡು ಮತ್ತೆ ಅಚ್ಚಾಗುತ್ತಿದೆ, ಮೂಲ ಟೇಪಿನಲ್ಲಿ ಸರಿಯಾಗಿ ಹಕ್ಕಿಯ ಜಾಗದಲ್ಲೇ ಲೇಪ ಉದುರಿಹೋಗಿದೆ, ಮಧ್ಯಾಹ್ನದೊಳಗೆ ಈ ಸುರುಳಿಯಿಂದ ತೆಗೆದು ಕೂರಿಸಬೇಕು, ಹಕ್ಕಿ ಇಲ್ಲದಿದ್ದರೆ ಆ ಹಾಡು ಬರೀ ಗದ್ದಲ ಮರಿ, ಬೆಳಗ್ಗೆ ಅಣ್ಣನೇ ಹೇಳಿದ.

ಮತ್ತೆ ಗುಂಡಿ. ಉಸಿರು, ಬಿಕ್ಕು, ಅಣ್ಣಾ ತೆಗಿ, ಅಣ್ಣಾ — ಟೈಲ್ಸ್ ಹಾಕಿದ ಗೋಡೆಗಳ ನಡುವೆ ಮೊಳಗುವ ದನಿ, ಬಚ್ಚಲುಮನೆ, ಹೌದು, ಅಲ್ಲೇ ದನಿ ಚೆನ್ನಾಗಿ ಮೊಳಗುತ್ತದೆಂದು ಅಣ್ಣ ಕರೆದೊಯ್ದಿದ್ದ, ಆಗ ಅವಳಿಗೆ ಆರು ವರ್ಷ, ಅಮ್ಮ ಕೆಲಸಕ್ಕೆ ಹೋಗಿದ್ದಳು, ಮೈಕನ್ನು ನಲ್ಲಿಗೆ ಕಟ್ಟಲು ದಾರ ಸಿಗದೆ ಅವಳ ಜಡೆಯ ರಿಬ್ಬನ್ನು, ಅದನ್ನು ತಾನೇ ಬಿಚ್ಚಿ ಕೊಟ್ಟದ್ದು ನೆನಪಿದೆ, ನಕ್ಕಿದ್ದು ನೆನಪಿದೆ, ನೀನೂ ನಮ್ಮ ತಂಡದವಳೇ ಕಣೆ ಎಂದದ್ದೂ, ಸಂಜೆ ಅಮ್ಮ, ಇನ್ನೊಂದ್ ರಿಬ್ಬನ್ ಎಲ್ಲೇ ಕಳ್ಕೊಂಡ್ ಬಂದೆ — ನಕ್ಕಿದ್ದರೆ ಇದು ಯಾರು, ಅತ್ತಿದ್ದರೆ ಆ ನಗು ಯಾರದು, ಒಳಗೆ ಕೂಡಿಹಾಕಿದನೇ, ಆಟವೇ, ಇಂದಿಗೂ ಲಿಫ್ಟ್ ಹತ್ತದೆ ನಾಲ್ಕು ಮಹಡಿ ಏರುತ್ತಾಳಲ್ಲ, ಮಂಡಿ ನೋವೆಂದರೂ, ಅದಕ್ಕೂ ಇದಕ್ಕೂ — ಬಿಕ್ಕು ಇಳಿಯಿತು, ಬಾಗಿಲಿನಾಚೆಯಿಂದ ಒಂದು ಎಳೆಯ ಗಂಡುದನಿ, ಈಗ್ಲೇ ತೆಗೀಬೇಡ್ರೋ, ಇನ್ನೊಂದ್ಸಲ, ಇನ್ನೊಂದ್ಸಲ.

ಈ ರಿಬ್ಬನ್ ಯಾರ್ದೋ ಅಣ್ಣ. ನಿಂದೇ ಅಲ್ವಾ. ಇಷ್ಟು ವರ್ಷ ಯಾಕಿಟ್ಕೊಂಡಿದ್ದೆ. ಕೊಡೋಣ ಅಂತಾನೇ ಇಟ್ಟಿದ್ದೆ ಮರಿ, ಅವತ್ತೇ ಕೊಡ್ಬೇಕಿತ್ತು, ಆಮೇಲೆ ಹೆಂಗೆ ಕೊಡೋದು — ನಕ್ಕನೇ, ಇಲ್ಲ, ಕಿವಿಯ ಯಂತ್ರ ಸರಿಮಾಡಿಕೊಂಡ, ಇನ್ನೊಂದ್ಸಲ ಹಾಕು, ಸ್ಪೀಕರ್‌ನಲ್ಲಿ, ನಾನೂ ಕೇಳ್ತೀನಿ. ಸುರುಳಿ ತಿರುವಿ ಹಾಕಿದರೆ ಹಕ್ಕಿ, ಅವನ ಹಕ್ಕಿ, ಎಲ್ಲರ ಹಕ್ಕಿ, ಎರಡು ನಿಮಿಷದ ಕೆಲಸ, ಕೈ ಅಲ್ಲಿಗೇ ಹೋಯಿತು, ಹೋಗಿ ಬಂತು, ಪಾಪ ಮುದುಕ, ಪಾಪ ಆ ಹುಡುಗಿ, ಯಾರ ಪಾಪ — ತಿರುವದೆ ಗುಂಡಿ ಒತ್ತಿದಳು, ಕೋಣೆ ತುಂಬ ಆ ಉಸಿರು, ಆ ಬಿಕ್ಕು, ಅಣ್ಣಾ ತೆಗಿ, ತಾಳ ಹಾಕುತ್ತಿದ್ದ ಅವನ ಕಾಲು ನಿಂತಿತು, ಅವಳು ತಿರುಗಿ ನೋಡಲಿಲ್ಲ, ನೋಡಿದ್ದು ಮೇಜಿನ ಮೇಲಿನ ರಿಬ್ಬನ್ನನ್ನು, ತಾನೇ ಬಿಚ್ಚಿ ಕೊಟ್ಟದ್ದನ್ನು, ಕೆಂಪು, ಗಂಟು, ಗಂಟಿನಲ್ಲಿ ಸಿಕ್ಕಿಕೊಂಡ ಒಂದು ಕೂದಲು, ಕಪ್ಪು, ಉದ್ದ, ಬುಡಸಮೇತ ಕಿತ್ತು ಬಂದದ್ದು.