ಕಲ್ಲಂಗಡಿ ವಾಸನೆಯ ನೀರು

ಸೋಮವಾರ ಚೆವೋ ಮಾವ ಸರ್ಕಾರಿ ಕಚೇರಿಗೆ ಹೋಗಿ ಕ್ಯಾಬಿನ್ನಿನ ಪರವಾನಗಿಯನ್ನು ಬೇರೆಯವರ ಹೆಸರಿಗೆ ಬರೆದುಕೊಡುವವನಿದ್ದ. ಕಾಗದದಲ್ಲಿ ಜಾಗ ಒಂದೇ ಹೆಸರಿಗೆ. ಬರೆದರೆ ತಂಗಿಯ ಮಗಳು ನೆಲ್ಡಾಳ ಹೆಸರು, ಇಲ್ಲವೇ ತಮ್ಮನ ಮಗ ರೋಯೆಲ್‌ನ ಹೆಸರು. ಯಾರದ್ದು ಎಂದು ಅವನು ಶನಿವಾರದವರೆಗೂ ಬಾಯಿ ಬಿಟ್ಟಿರಲಿಲ್ಲ.

ಕ್ಯಾಬಿನ್ ಎಂದರೆ ಲಗೂನಾ ಮಾದ್ರೆ ಎಂಬ ಕಡಲ ಹಿನ್ನೀರಿನ ನಡುವೆ ಮರದ ಕಂಬಗಳ ಮೇಲೆ ನಿಂತ ಒಂದು ಹಲಗೆಯ ಕೋಣೆ. ನಾಲ್ಕು ಮಂಚ, ಒಂದು ಗ್ಯಾಸ್ ಒಲೆ, ಸುತ್ತ ಮೈಲಿಗಟ್ಟಲೆ ಮೊಣಕಾಲುದ್ದದ ನೀರು. ನೆಲ್ಡಾಳಿಗೆ ನಲವತ್ತೊಂದು ವರ್ಷ. ದೂರದ ಊರುಗಳಿಂದ ಬರುವ ಗಿರಾಕಿಗಳನ್ನು ಕಯಾಕ್ ಎಂಬ ಒಬ್ಬರೇ ಕೂರುವ ಕಿರುದೋಣಿಗಳಲ್ಲಿ ಕೂರಿಸಿ ಮೀನಿಗೆ ಕರೆದೊಯ್ಯುವುದು ಅವಳ ಕಸುಬು. ಕ್ಯಾಬಿನ್ ಇದ್ದರೆ ಅವರು ರಾತ್ರಿ ಉಳಿಯುತ್ತಾರೆ, ನಸುಕಿಗೇ ಮೀನಿನ ನಡುವೆ ಇರುತ್ತಾರೆ. ಇಲ್ಲದಿದ್ದರೆ ದಡದಿಂದ ಎರಡು ಗಂಟೆ ಹುಟ್ಟು ಹಾಕಿ ಇಲ್ಲಿಗೆ ಬರುವಷ್ಟರಲ್ಲಿ ತೋಳು ಬಿದ್ದುಹೋಗಿ, ವಾಪಸು ಯಾವಾಗ ಎಂದು ಕೇಳುತ್ತಾರೆ. ಕ್ಯಾಬಿನ್ ಹೋದರೆ ಕಸುಬೂ ಹೋದಂತೆ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮಾವ, ನೆಲ್ಡಾ ಇಬ್ಬರೂ ಕ್ಯಾಬಿನ್ನಿನ ಮೆಟ್ಟಿಲಿಂದ ಕಯಾಕ್‌ಗಳನ್ನು ಇಳಿಸಿದರು.

"ಕಾಫಿ ತಣ್ಣಗಿದೆ," ಎಂದ ಮಾವ. ಎಪ್ಪತ್ತಾರರ ಮುದುಕ, ಒಣಗಿದ ಮೀನಿನ ಹಾಗೆ ಸಣ್ಣ. "ಇಲ್ಲಿ ನಿನ್ನ ಕೈಲಿ ಬಿಸಿ ಕಾಫಿ ಕುಡಿದು ವರ್ಷದ ಮೇಲಾಯ್ತು ಕಣೇ."

"ನಿನ್ನೆ ಮನೆಯಿಂದ ಫ್ಲಾಸ್ಕಲ್ಲಿ ತಂದಿದ್ದು. ಸುಮ್ನೆ ಕುಡಿ."

"ಒಲೆ ಇಟ್ಟಿರೋದು ಅದರ ಮುಂದೆ ಮೊಂಬತ್ತಿ ಹಚ್ಚೋಕಾ?"

ನೆಲ್ಡಾ ಹುಟ್ಟು ಹಾಕಿದಳು.

ಗಾಳಿ ಇನ್ನೂ ಎದ್ದಿರಲಿಲ್ಲ. ನೀರಿಗೂ ಆಕಾಶಕ್ಕೂ ಒಂದೇ ಬಣ್ಣ, ನಡುವೆ ಗೆರೆಯೇ ಇರಲಿಲ್ಲ. ಮುಂದೆ ಹೋಗುತ್ತಿದ್ದ ಮಾವನ ಕಯಾಕ್ ಯಾವುದರ ಮೇಲೂ ಕೂತಿರದೆ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಏಳು ಪೆಲಿಕನ್‌ಗಳು ತಲೆಯ ಮೇಲೆ ಹಾದವು, ಇನ್ನೇಳು ತಲೆಕೆಳಗಾಗಿ ಅವಳ ಕಯಾಕಿನ ಅಡಿಯಲ್ಲಿ ಹಾದವು. ಎಲ್ಲೋ ಒಂದು ಮೀನು ನೆಗೆಯಿತು. ಬಿದ್ದ ಸದ್ದು ಬರುವಷ್ಟರಲ್ಲಿ ಅದು ನೆಗೆದದ್ದೇ ಮರೆತುಹೋಗಿತ್ತು. ಕೆಳಗೆ ಕಡಲಹುಲ್ಲು ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಸರಿಯುವುದು ಹುಲ್ಲೋ ತಾನೋ ಎಂದು ಅವಳಿಗೆ ಒಂದೊಂದು ಸಲ ಗೊತ್ತಾಗುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಹೀಗೆ. ನಿದ್ದೆಯಲ್ಲಿ ಹುಟ್ಟು ಹಾಕಿದಂತೆ, ಎಚ್ಚರವಾದರೂ ಅದೇ ನೀರು.

ಇಲ್ಲಿನವರು ಚುಕ್ಕೆ ಟ್ರೌಟ್ ಮೀನನ್ನು ಹುಡುಕುವುದು ಮೂಗಿನಿಂದ. ಟ್ರೌಟಿನ ಹಿಂಡು ಸಣ್ಣ ಮೀನುಗಳನ್ನು ಹೊಟ್ಟೆ ಬಿರಿಯ ತಿಂದಾಗ ಅವುಗಳ ಎಣ್ಣೆ ಮೇಲೆ ತೇಲಿ ಬರುತ್ತದೆ. ಒಂದು ಟೋರ್ಟಿಯಾ ರೊಟ್ಟಿಯಷ್ಟು ಅಗಲ ನೀರು ನುಣುಪಾಗುತ್ತದೆ. ಆಗಷ್ಟೇ ಹೆಚ್ಚಿದ ಕಲ್ಲಂಗಡಿಯ ವಾಸನೆ ಬರುತ್ತದೆ. ಅವರ ಮನೆತನದಲ್ಲಿ ಇದಕ್ಕೊಂದು ನಿಯಮ. ವಾಸನೆ ಹಿಡಿದವರು ಮಾತಾಡದೆ ಹುಟ್ಟನ್ನು ನೆಟ್ಟಗೆ ಎತ್ತಬೇಕು. ಎತ್ತಿದವರದ್ದೇ ಗಾಳದ ಮೊದಲ ಎಸೆತ. ತಪ್ಪಿ ಎತ್ತಿದರೆ ಅವತ್ತಿನ ತಿಂಡಿ ಕಡಲಹಕ್ಕಿಗಳಿಗೆ.

ಕಳೆದ ವರ್ಷದ ಜನವರಿಯ ಜ್ವರದಲ್ಲಿ ನೆಲ್ಡಾಳ ಮೂಗು ಸತ್ತುಹೋಗಿತ್ತು. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಈಗ ಹದಿನಾರು ತಿಂಗಳು. ಯಾರಿಗೂ ಹೇಳಿರಲಿಲ್ಲ. ಗಿರಾಕಿಗಳನ್ನು ನಿಭಾಯಿಸುವುದು ಕಷ್ಟವಾಗಿರಲಿಲ್ಲ. ನುಣುಪು ಜಾಗವನ್ನು ಕಣ್ಣಿಂದ ಹುಡುಕಿ, "ಕಲ್ಲಂಗಡಿ ವಾಸನೆ ಬಂತಾ?" ಎನ್ನುತ್ತಿದ್ದಳು. ಅವರು ಮೂಗು ಅರಳಿಸಿ "ಹೌದು ಹೌದು" ಎನ್ನುತ್ತಿದ್ದರು. ಖಾಲಿ ನೀರಿನಲ್ಲೂ ಹಾಗೇ ಎನ್ನುತ್ತಿದ್ದರು.

ಸೂರ್ಯ ಮೇಲೆ ಬಂದ ಮೇಲೆ ತೆಳು ಗಾಳಿ ಎದ್ದು ನೀರು ಸುಕ್ಕುಗಟ್ಟಿತು. ಮಾವ ಗಾಳಿಗೆ ಎದುರಾಗಿ ಬಹಳ ಮುಂದೆ ಹೋಗಿ, ಇವಳಿಗೆ ಬೆನ್ನು ಹಾಕಿ ಕೂತು ಏನನ್ನೋ ತಿನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಇಬ್ಬರ ನಡುವಿನ ನೀರಿನಲ್ಲಿ ದುಂಡಗೆ, ಸಣ್ಣಗೆ, ಒಂದು ಸುಕ್ಕೂ ಇಲ್ಲದ ಜಾಗ ಅವಳ ಕಣ್ಣಿಗೆ ಬಿತ್ತು. ಎದೆ ಹಗುರಾಯಿತು. ಹುಟ್ಟು ಎತ್ತಿ ಹಿಡಿದಳು.

ಮಾವ ತಿರುಗಿ ನೋಡಿದ. ತನ್ನ ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ.

ಅವಳು ಎಸೆದಳು. ಗಾಳಕ್ಕೆ ಸಿಕ್ಕಿಸಿದ ರಬ್ಬರಿನ ಸಿಗಡಿ ನುಣುಪಿನ ಅಂಚಿಗೆ ಸರಿಯಾಗಿ ಬಿತ್ತು. ಎರಡು ಸಲ ಎಳೆದಳು, ಬಿಟ್ಟಳು. ಏನೂ ಇಲ್ಲ. ಮತ್ತೆ ಎಸೆದಳು. ಆರು ಸಲ, ಏಳು ಸಲ. ಮಾವ ಮಿಸುಕಾಡದೆ ನೋಡುತ್ತಲೇ ಇದ್ದ. ಆಮೇಲೆ ಗಾಳಿಗೆ ಬಿಟ್ಟುಕೊಂಡು ಹತ್ತಿರ ತೇಲಿ ಬಂದು, ಒಂದು ತಗಡಿನ ಡಬ್ಬಿ ಎತ್ತಿ ತೋರಿಸಿದ.

"ಸಾರ್ಡೀನ್ ಮೀನು," ಎಂದ. "ಡಬ್ಬಿ ಎಣ್ಣೆ ನೀರಿಗೆ ಬಗ್ಗಿಸಿದ್ದು ನಾನು. ಸತ್ತವನೂ ಎದ್ದು ಮೂಗು ಮುಚ್ಕೋಬೇಕು, ಅಂಥ ನಾತ. ನೀನು ಹುಟ್ಟು ಎತ್ತಿದೆ."

ಅವಳ ಕಿವಿ ಬಿಸಿಯಾಯಿತು.

"ಎಷ್ಟು ದಿನ ಆಯ್ತು?"

"ಜ್ವರ ಬಂದಾಗಿಂದ."

"ಈಸ್ಟರ್ ದಿನ ನಮ್ಮನೇಲಿ ಅವರೆಕಾಳು ಸೀದು ನಾತ ಹೊಡೀತಾ ಇತ್ತು. ನೀನು ಒಲೆ ಪಕ್ಕ ಕೂತು ಹಾಡು ಕೇಳ್ತಿದ್ದೆ. ಅವತ್ತೇ ಅನುಮಾನ ಬಂತು."

"ಬಾಯಿಬಿಟ್ಟು ಕೇಳಬಹುದಿತ್ತು. ಪರೀಕ್ಷೆ ಮಾಡೋಕೆ ನಾನೇನು ಬೇಟೆ ನಾಯಿಯಾ?"

"ಕೇಳಿದ್ರೆ ನಿಜ ಹೇಳ್ತಿದ್ಯಾ?"

ಅವಳು ಗಾಳದ ದಾರ ಸುತ್ತಿಕೊಂಡಳು.

"ಮೀನಿನ ಮಾತು ಬಿಡು. ಮೀನು ಸಿಗದಿದ್ರೆ ಯಾರೂ ಸಾಯಲ್ಲ," ಎಂದ ಮಾವ. "ಕ್ಯಾಬಿನ್ನಲ್ಲಿ ನಾಲ್ಕು ಜನ ಗಿರಾಕಿಗಳು ಮಲಗಿರ್ತಾರೆ. ಗ್ಯಾಸಿನ ಪೈಪು ಸೋರ್ತಾ ಇರತ್ತೆ. ಬೆಳಿಗ್ಗೆ ಎದ್ದು ನೀನು ಕಡ್ಡಿ ಗೀರ್ತೀಯ. ನನ್ನ ಹೆಸರಲ್ಲಿದ್ದ ಪರವಾನಗೀನ ನಾನು ಹೇಗೆ ನಿನಗೆ ಕೊಡ್ಲಿ?"

"ಕೊಡಬೇಡ. ರೋಯೆಲ್‌ಗೆ ಕೊಡು. ಅವನ ಮೂಗು ಚೆನ್ನಾಗಿದೆ, ಬಿಯರ್ ಎಲ್ಲಿದ್ರೂ ಹುಡುಕುತ್ತೆ."

ಹೇಳಿ ಅವಳು ಕಯಾಕ್ ತಿರುಗಿಸಿದಳು. ನೀರು ತೀರಾ ಕಡಿಮೆ ಇರುವ ಒಂದು ದ್ವೀಪದ ಅಂಚಿನ ಕಡೆಗೆ, ಹಿಂದೆ ನೋಡದೆ ಹೋದಳು. ಹೇಳಬೇಕಾದದ್ದು ಒಂದಿತ್ತು. ಸಿಟ್ಟಿನಲ್ಲಿ ಅದನ್ನು ಹೇಳಲಿಲ್ಲ.

ಅಲ್ಲಿ ನೀರು ಮೊಣಕೈ ಆಳವೂ ಇರಲಿಲ್ಲ. ಕಯಾಕ್ ಮರಳಿಗೆ ಉಜ್ಜಿ ತಾನಾಗಿ ನಿಂತಿತು. ನೆಲ್ಡಾ ಕಾಲುಗಳನ್ನು ಎರಡೂ ಕಡೆ ಇಳಿಬಿಟ್ಟು ಕೂತಳು. ಎದುರಿಗೆ ನೀರಿನಿಂದ ಒಂದು ಬಾಲ ಎದ್ದಿತು, ತಾಮ್ರದ ಬಣ್ಣದ್ದು, ಬುಡದಲ್ಲಿ ಕಪ್ಪು ಬೊಟ್ಟು. ಬಿಸಿಲಿನಲ್ಲಿ ಹಾಗೇ ಸ್ವಲ್ಪ ಹೊತ್ತು ಓಲಾಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಅವಳ ಸುತ್ತಲೂ ಬಾಲಗಳೇ. ಕೆಂಪುಮೀನುಗಳು ತಲೆ ಕೆಳಗೆ ಮಾಡಿ ಮರಳು ಕೆದಕಿ ಏಡಿ ತಿನ್ನುತ್ತಿದ್ದವು. ನಲವತ್ತಿರಬಹುದು, ಐವತ್ತಿರಬಹುದು. ಒಂದು ಅವಳ ಪಾದಕ್ಕೆ ಮೈ ಸವರಿಕೊಂಡು, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೋಯಿತು. ಗಾಳ ಕೈಯಲ್ಲೇ ಇತ್ತು. ಎಸೆಯಬೇಕು ಅನಿಸಲಿಲ್ಲ.

ಕಲ್ಲಂಗಡಿಯ ವಾಸನೆ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದಳು. ಆಗಸ್ಟಿನ ಮಧ್ಯಾಹ್ನ ನೆನಪಾಯಿತು. ತಾಯಿ ಹಿತ್ತಲ ಮೇಜಿನ ಮೇಲೆ ಕತ್ತಿ ಹಾಕಿದಾಗ ಹಣ್ಣು ತಾನಾಗಿ ಬಿರಿದ ಸದ್ದು, ಮೊಣಕೈ ತನಕ ಇಳಿದ ರಸ, ಅದಕ್ಕೆ ಮುತ್ತಿದ ನೊಣ, ಎಲ್ಲ ನೆನಪಾಯಿತು. ವಾಸನೆ ಮಾತ್ರ ಬರಲಿಲ್ಲ.

ಹಿಂದಿನಿಂದ ಸರಕ್ ಸರಕ್ ಸದ್ದು. ಮಾವ ಕಯಾಕಿನಿಂದ ಇಳಿದು, ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಎಳೆಯುತ್ತ ಬರುತ್ತಿದ್ದ. ಮರಳಿನಲ್ಲಿ ಅಡಗಿದ ಮುಳ್ಳುಬಾಲದ ತೊರಕೆ ಮೀನುಗಳು ಸರಿದುಹೋಗಲಿ ಎಂದು ಪಾದ ಎತ್ತದೆ, ಉಜ್ಜುತ್ತ ನಡೆಯುತ್ತಿದ್ದ. ಬಾಲಗಳು ಒಂದೊಂದಾಗಿ ಮುಳುಗಿದವು. ಮರುಕ್ಷಣ ಇಡೀ ಹಿಂಡು ನೀರನ್ನು ಉಬ್ಬಿಸಿಕೊಂಡು ಓಡಿಹೋಯಿತು.

"ಒಂದೂ ಹಿಡೀಲಿಲ್ವಾ?"

"ಇಲ್ಲ."

ಅವನು ಏದುಸಿರು ಬಿಡುತ್ತ ಅವಳ ಕಯಾಕಿನ ಅಂಚು ಹಿಡಿದು ನಿಂತ. "ದಾರೀಲಿ ಯೋಚನೆ ಮಾಡ್ತಾ ಬಂದೆ. ವರ್ಷದ ಮೇಲಾಯ್ತು, ಕ್ಯಾಬಿನ್ನಲ್ಲಿ ನೀನು ಒಂದು ಮೊಟ್ಟೇನೂ ಬೇಯಿಸಿಲ್ಲ. ಸೋಮಾರಿ ಅಂದ್ಕೊಂಡಿದ್ದೆ. ಸಿಲಿಂಡರ್ ಎಲ್ಲಿದೆ?"

"ನನ್ನ ಗ್ಯಾರೇಜಲ್ಲಿ."

"ಕ್ಯಾಬಿನ್ ನೆಲದಡಿ ಅದನ್ನ ಇಡೋ ಪೆಟ್ಟಿಗೇಲಿ?"

"ಏನೂ ಇಲ್ಲ. ಜ್ವರ ಬಿಟ್ಟ ವಾರಾನೇ ತೆಗೆದೆ. ಪೈಪೂ ಕಿತ್ತಾಗಿದೆ."

"ಗಿರಾಕಿಗಳಿಗೆ?"

"ತಣ್ಣನೆ ಟಾಕೋ. ಅವರು ಅದನ್ನ ಸಾಹಸ ಅಂದ್ಕೊಂಡಿದಾರೆ."

ಮಾವ ನಗಲಿಲ್ಲ. "ಆಗಲೇ ಹೇಳೋಕೆ ಏನಾಗಿತ್ತು ನಿನಗೆ?"

"ಸಿಲಿಂಡರ್ ಯಾಕೆ ತೆಗೆದೆ ಅಂತ ಕೇಳ್ತಿದ್ದೆ. ಆಮೇಲೆ ಮೂಗಿನ ವಿಷಯ. ಆಮೇಲೆ ಪರವಾನಗಿ ರೋಯೆಲ್‌ಗೆ."

ಕಲಕಿದ ಮರಳು ಕೆಳಗಿಳಿದು ನೀರು ಮತ್ತೆ ತಿಳಿಯಾಯಿತು. ಅವನ ಪಾದದ ಬೆರಳುಗಳು ಕಂಡವು.

"ಗಿರಾಕಿಗಳಿಗೆ ಹೇಳ್ಬೇಕು," ಎಂದ. "ದಡ ಬಿಡೋ ಮೊದಲೇ. ನನಗೆ ವಾಸನೆ ಬರಲ್ಲ ಅಂತ."

"ಹೇಳಿದ್ರೆ ಯಾರು ಬರ್ತಾರೆ?"

"ಅರ್ಧ ಜನ ಬರಲ್ಲ. ಉಳಿದ ಅರ್ಧಕ್ಕೆ ಮೂಗಿದೆಯಲ್ಲ, ಅವರೇ ಹುಡುಕ್ಲಿ. ನೀನು ಎಸೆಯೋದು ಹೇಳ್ಕೊಡು."

ಅವಳು ಲೆಕ್ಕ ಹಾಕಿ ನೋಡಿದಳು. ಅರ್ಧ ಕಸುಬು. ರೋಯೆಲ್‌ಗೆ ಹೋದರೆ ಅದೂ ಇಲ್ಲ.

"ಹೇಳ್ತೀನಿ."

"ಸೋಮವಾರ ಎಂಟೂವರೆಗೇ ಕಚೇರಿಗೆ ಬಾ. ಅಲ್ಲಿ ಸಾಲು ಇರತ್ತೆ. ಗುರುತಿನ ಚೀಟಿ ಮರೀಬೇಡ." ಆಮೇಲೆ ಕೈ ಚಾಚಿದ. "ಎಲ್ಲಿ ತಿಂಡಿ?"

"ಯಾವ ತಿಂಡಿ?"

"ಹುಟ್ಟು ಎತ್ತಿದೆಯಲ್ಲ. ಸುಳ್ಳು ಹುಟ್ಟು."

"ಆ ಎಣ್ಣೆ ಬಗ್ಗಿಸಿದ್ದು ನೀನು."

"ಎತ್ತಿದ್ದು ನೀನು."

ಅವಳು ಬೆಳ್ಳಿಕಾಗದದಲ್ಲಿ ಸುತ್ತಿದ ಟಾಕೋ ರೊಟ್ಟಿ ತೆಗೆದು, ಬಿಚ್ಚಿ, ಚೂರು ಮಾಡಿ ಗಾಳಿಗೆ ಎಸೆದಳು. ಎಲ್ಲಿದ್ದವೋ ಹಕ್ಕಿಗಳು, ಕಿರುಚುತ್ತ ಬಂದು ಒಂದು ಚೂರನ್ನೂ ನೀರಿಗೆ ಬೀಳಲು ಬಿಡಲಿಲ್ಲ.

"ಬಾರ್ಬಕೋವಾ ಮಾಂಸ ಇತ್ತಾ ಅದರಲ್ಲಿ?" ಕೇಳಿದ ಮಾವ.

"ಮೊಟ್ಟೆ, ಆಲೂಗಡ್ಡೆ."

"ಹಾಗಾದ್ರೆ ಹೋಗ್ಲಿ."

ಬಿಸಿಲು ಏರಿ ನೀರೆಲ್ಲ ಬೆಳ್ಳಗಾಗಿತ್ತು. ಇಬ್ಬರೂ ಕ್ಯಾಬಿನ್ನಿನ ಕಡೆ ಹುಟ್ಟು ಹಾಕಿದರು. ಅರ್ಧ ದಾರಿಯಲ್ಲಿ ಮಾವ ನಿಂತ. ಹುಟ್ಟು ನಿಧಾನವಾಗಿ ಮೇಲೆದ್ದು ನೆಟ್ಟಗೆ ನಿಂತಿತು. ಅದರಿಂದ ಹನಿಗಳು ಜಾರಿ ಅವನ ಟೋಪಿಯ ಮೇಲೆ ಬಿದ್ದವು. ನೆಲ್ಡಾ ತನ್ನ ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೂಗಿನ ತುಂಬ ಗಾಳಿ ಎಳೆದುಕೊಂಡಳು. ತಂಪು, ಅಷ್ಟೇ.

"ಹೇಗಿದೆ?" ಪಿಸುಮಾತಿನಲ್ಲಿ ಕೇಳಿದಳು. ಮಾತಾಡಬಾರದೆಂಬ ನಿಯಮವನ್ನು ಅವಳು ಮುರಿದದ್ದು ಅದೇ ಮೊದಲು.

ಮಾವ ಯೋಚಿಸಿ ಹೇಳಿದ. "ಸಿಪ್ಪೆ ಹತ್ತಿರದ್ದು. ಬಿಳೀ ಭಾಗ ಇರತ್ತಲ್ಲ, ಅದು. ಸಿಹಿ ಕಮ್ಮಿ."

ನಿಯಮದ ಪ್ರಕಾರ ಮೊದಲ ಎಸೆತ ಅವನದ್ದು. ಅವನು ಎಸೆದ. ಗಾಳ ಬಿದ್ದ ಕೂಡಲೇ ಕೋಲು ಬಾಗಿತು. ನೆಲ್ಡಾ ಹಸಿದ ಹೊಟ್ಟೆಯಲ್ಲಿ, ಗಾಳ ಕೈಯಲ್ಲಿ ಹಿಡಿದು, ತನ್ನ ಸರದಿಗೆ ಕಾದಳು.